ಬಿಜಲಿ ಯಾರ ಕಡೆ ನೋಡಬೇಕಿತ್ತು?

"ಯಾವ ಬಸ್ಸಿಗೆ ಕಾಯಾಕತ್ತೀರಿ, ಅಕ್ಕಾರ?"

ತಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಹಿರಿಯರೊಬ್ಬರು ನನ್ನ ವೈನಿಯನ್ನು ಹೀಗೆ ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ವಿಜಯಪುರದ ಬಸ್ಸು ಬಂದು ಹೋಗಿತ್ತು. ಅಥಣಿ ಬಸ್ಸು ಬಂದು ನಿಂತಿತ್ತು. ವೈನಿ ಮಾತ್ರ ನಿಂತಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ನಾಯಿಯ ಬೆಲ್ಟು, ಇನ್ನೊಂದು ಕೈಯಲ್ಲಿ ರೊಟ್ಟಿಯ ಚೂರು. ಆ ಚೂರನ್ನು ಹುಬ್ಬುಗಳ ನಡುವೆ ಹಿಡಿದುಕೊಂಡು ನಾಯಿಯನ್ನೇ ದಿಟ್ಟಿಸುತ್ತಿದ್ದರು.

"ಬಸ್ಸಿಗಲ್ಲರಿ," ಎಂದರು ವೈನಿ. "ಇದು ನನ್ನ ಮಾರಿ ನೋಡ್ಲಿ ಅಂತ ಕಾಯಾಕತ್ತೇನಿ."

ಹಿರಿಯರು ವೈನಿಯನ್ನು ಬಿಟ್ಟು ನನ್ನನ್ನು ನೋಡಿದರು. ಪಕ್ಕದಲ್ಲಿ ವ್ಯಾನಿಟಿ ಬ್ಯಾಗು ಅವುಚಿಕೊಂಡು, ಗುರುತಿನವರು ಯಾರೂ ಸಿಗದಿರಲಪ್ಪಾ ಎಂದು ಬೇಡಿಕೊಳ್ಳುತ್ತ ನಿಂತವಳು ನಾನು. (ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ತಿಕೋಟಾದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಬೇಕಾದಷ್ಟು ಜನ ಇದ್ದಾರೆ.) ಹಿರಿಯರು ಮತ್ತೇನೂ ಕೇಳದೆ ಅಥಣಿ ಬಸ್ಸು ಹತ್ತಿದರು. ಕಿಟಕಿಯಿಂದ ತಲೆ ಹೊರಹಾಕಿ, ಬಸ್ಸು ತಿರುಗುವ ತನಕ ನಮ್ಮನ್ನು ನೋಡುತ್ತಲೇ ಇದ್ದರು.

ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಎನ್ನುತ್ತೇವೆ. ನನ್ನ ವೈನಿಯ ಹೆಸರು ಸುನಂದಾ. ಐವತ್ತು ದಾಟಿದ ವಯಸ್ಸು. ಜೋರು ಮಾತಿಲ್ಲ, ಜೋರು ನಡಿಗೆಯೂ ಇಲ್ಲ. ಬಸ್ಸು ಕಣ್ಣೆದುರೇ ಹೊರಟುನಿಂತರೂ ಓಡಿದವರಲ್ಲ, ಮುಂದಿನದಕ್ಕೆ ಹೋದರಾಯಿತು ಎನ್ನುವವರು. ಅಂಥವರು ಈಗ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ನಾಯಿಯ ಜೊತೆ ಓಡುವುದನ್ನು ಕಲಿಯುತ್ತಿದ್ದರು. ಯಾಕೆಂದರೆ ಓಡದಿದ್ದರೆ ಆ ನಾಯಿ ಅವರ ಮನೆಯಲ್ಲಿ ಉಳಿಯುತ್ತಿರಲಿಲ್ಲ.

ಅದನ್ನೇ ಈ ವಾರದ ಅಂಕಣದಲ್ಲಿ ಹೇಳಬೇಕಾಗಿದೆ.

ನಾಯಿಯ ಹೆಸರು ಬಿಜಲಿ. ನನ್ನ ಅಣ್ಣ ಬಿಜ್ಜರಗಿಯ ಕುರಿ ಕಾಯುವವರೊಬ್ಬರಿಂದ ತಂದ ಮರಿ. ಮುಧೋಳ ತಳಿಯ ರಕ್ತ ಇದೆ, ಎಷ್ಟಿದೆ ಎಂದು ನಾನು ಹೇಳಲಾರೆ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಚೂಪು ಮೂತಿ. ಅಣ್ಣ ಬಬಲೇಶ್ವರದ ಸಾಲಿಯೊಂದರಲ್ಲಿ ಪಿ.ಟಿ. ಮಾಸ್ತರ. ಮನೆ ವಿಜಯಪುರದಲ್ಲಿ. ಮಕ್ಕಳನ್ನು ಓಡಿಸಿ ಬಂದವನಿಗೆ ಸಂಜೆ ನಾಯಿಯನ್ನೂ ಓಡಿಸುವ ಚಟ ಹತ್ತಿತು. ಅಜಿಲಿಟಿ ಎಂಬ ಸ್ಪರ್ಧೆಯ ಹುಚ್ಚು ಹಿಡಿದದ್ದು ಹಾಗೆ.

ನೀವು ಇದನ್ನು ಮೊಬೈಲಿನಲ್ಲಿ ನೋಡಿರಬಹುದು. ಮೈದಾನದಲ್ಲಿ ಅಡ್ಡಗೋಲು, ಬಟ್ಟೆಯ ಸುರಂಗ, ಸಾಲಾಗಿ ನೆಟ್ಟ ಕೋಲು, ಹತ್ತಿ ಇಳಿಯುವ ಹಲಗೆ, ಸೀ-ಸಾ ಇಟ್ಟಿರುತ್ತಾರೆ. ನಾಯಿ ಇವನ್ನೆಲ್ಲ ಗೊತ್ತುಮಾಡಿದ ಕ್ರಮದಲ್ಲಿ ದಾಟಬೇಕು. ಜೊತೆಗೆ ಓಡುವವರು ನಾಯಿಯನ್ನು ಮುಟ್ಟುವಂತಿಲ್ಲ, ತಿನ್ನಲು ಏನೂ ಕೊಡುವಂತಿಲ್ಲ. ಕೈ ತೋರಿಸಬಹುದು, ಬಾಯಿಂದ ಹೇಳಬಹುದು, ಅಷ್ಟೇ. ಹಾಗಾಗಿ ನಾಯಿಗೆ ಜಿಗಿಯಲು ಬಂದರೆ ಸಾಲದು. ಜನ ಕೂಗಲಿ, ಬೇರೆ ನಾಯಿ ಬೊಗಳಲಿ, ಅದರ ಲಕ್ಷ್ಯ ಜೊತೆಯಲ್ಲಿ ಓಡುವವರ ಮೇಲೇ ಇರಬೇಕು. ಲಕ್ಷ್ಯ ತಪ್ಪಿದರೆ ಆಟ ಮುಗಿದಂತೆ.

ಇಬ್ರಾಹಿಂಪುರದಲ್ಲಿ, ರೈಲ್ವೆ ಹಳಿಯ ಹತ್ತಿರ, ಅಣ್ಣನ ದೋಸ್ತ ಮೆಹಬೂಬ್ ಭಾಯಿಯ ವೆಲ್ಡಿಂಗ್ ಅಂಗಡಿ ಇದೆ. ಅಡ್ಡಗೋಲು, ಸೀ-ಸಾ ಎಲ್ಲ ಅಲ್ಲೇ ತಯಾರಾದವು. ಅಂಗಡಿಯ ಹಿಂದಿನ ಖುಲ್ಲಾ ಜಾಗದಲ್ಲಿ ಇಬ್ಬರೂ ಸೇರಿ ಬಿಜಲಿಯನ್ನು ಪಳಗಿಸಿದರು. ನಮ್ಮದು ಶುದ್ಧ ಶಾಕಾಹಾರಿ ಮನೆ. ಬೇರೆ ಮನೆಗಳ ನಾಯಿಗಳು ಕೋಳಿ ತಿಂದು ಸ್ಪರ್ಧೆಗೆ ಬಂದರೆ ನಮ್ಮ ಬಿಜಲಿ ಜೋಳದ ರೊಟ್ಟಿ ತಿಂದು ಬರುತ್ತಿತ್ತು. (ಅದು ಇಬ್ರಾಹಿಂಪುರದಲ್ಲಿ ಏನು ತಿನ್ನುತ್ತಿತ್ತು ಎಂದು ನಾವು ಕೇಳುತ್ತಿರಲಿಲ್ಲ. ಮೆಹಬೂಬ್ ಭಾಯಿಯೂ ಹೇಳುತ್ತಿರಲಿಲ್ಲ.)

ಕಳೆದ ವರ್ಷ ಚಳಿಗಾಲದಲ್ಲಿ, ಬಬಲೇಶ್ವರದ ಸಾಲಿಯ ಮೈದಾನದಲ್ಲೇ, ಅಣ್ಣ ಕುಸಿದುಬಿದ್ದ. ಎದೆನೋವು. ವಿಜಯಪುರ ಮುಟ್ಟುವ ತನಕವೂ ಉಳಿಯಲಿಲ್ಲ.

ಆಮೇಲೆ ಮನೆಗೆ ಜನ ಬಂದರು. ಬಂದವರೆಲ್ಲ ವೈನಿಗೆ ಒಂದೇ ಮಾತು ಹೇಳಿದರು. "ಮನಸ್ಸು ಬ್ಯಾರೆ ಕಡೆ ಹಾಕವಾ." ಗುಡಿಗೆ ಹೋಗು ಎಂದರು. ಟೈಲರಿಂಗ್ ಕಲಿ ಎಂದರು. ಧಾರಾವಾಹಿ ನೋಡು ಎಂದವರೂ ಇದ್ದಾರೆ. ಸೊಲ್ಲಾಪುರದಲ್ಲಿರುವ ಅವರ ಮಗಳು ದಿನಾ ಫೋನ್ ಮಾಡಿ, ಸ್ವಲ್ಪ ದಿನ ಇಲ್ಲಿಗೆ ಬಾ, ಮನಸ್ಸಿಗೆ ಬದಲಾವಣೆ ಆಗುತ್ತದೆ ಎಂದಳು. ವೈನಿ ಎಲ್ಲರಿಗೂ ಹ್ಞೂಂ ಎಂದರು. ಎಲ್ಲರಿಗೂ ಚಹಾ ಕೊಟ್ಟರು. ಯಾರ ಎದುರೂ ಅಳಲಿಲ್ಲ. ಅತ್ತಿದ್ದರೆ ಬಂದವರಿಗೂ ಸುಲಭವಾಗುತ್ತಿತ್ತೋ ಏನೋ.

ಬಿಜಲಿಗೆ ಮಾತ್ರ ಈ ಉಪದೇಶ ಯಾರೂ ಮಾಡಲಿಲ್ಲ. ಅದು ಗೇಟಿನ ಹತ್ತಿರ ಕೂತಿತು. ಬಬಲೇಶ್ವರದಿಂದ ಅಣ್ಣ ಬರುವ ಹೊತ್ತಿಗೆ ಸರಿಯಾಗಿ ಎದ್ದು ನಿಲ್ಲುವುದು. ರಸ್ತೆಯ ಆ ತುದಿಯನ್ನೇ ನೋಡುವುದು. ಕತ್ತಲಾದ ಮೇಲೆ ಮತ್ತೆ ಕೂರುವುದು. ಒಂದು ಸಂಜೆ ವೈನಿ ಅದನ್ನು ಬೆಲ್ಟು ಹಾಕಿ ಹೊರಗೆ ಕರೆದೊಯ್ದಿದ್ದಾಗ, ಅಣ್ಣನ ಮೋಟಾರ್ ಸೈಕಲ್ಲಿನಂಥದೇ ಒಂದು ಹಾದುಹೋಯಿತು. ಬಿಜಲಿ ಒಂದೇ ಎಳೆತಕ್ಕೆ ಅದರ ಬೆನ್ನು ಹತ್ತಿತು. ವೈನಿ ಬೆಲ್ಟು ಬಿಡಲಿಲ್ಲ. ರಸ್ತೆಯ ಮೇಲೆ ಬಿದ್ದರು. ಮಣಿಕಟ್ಟಿನ ಎಲುಬು ಸೀಳು ಬಿಟ್ಟು, ಕೈಗೆ ಪ್ಲಾಸ್ಟರ್ ಬಂತು.

ಆಗ ಘೋಣಸಗಿಯಿಂದ ಕಾಕಾ ಬಂದ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಅಪ್ಪ ಹೋದ ಮೇಲೆ ಮನೆತನದ ಹಿರಿಯ ಅವನೇ. ಕೆಟ್ಟವನಲ್ಲ. ಸುಗ್ಗಿ ಮುಗಿದ ಕೂಡಲೇ ನಮ್ಮೆಲ್ಲರ ಮನೆಗೂ ಜೋಳ ಮುಟ್ಟಿಸುವವನು. ಆದರೆ ಅವನು ಮಾತಾಡಿದ ಮೇಲೆ ಇನ್ನೊಬ್ಬರು ಮಾತಾಡುವ ರೂಢಿ ನಮ್ಮಲ್ಲಿಲ್ಲ. ಪ್ಲಾಸ್ಟರ್ ನೋಡಿದ, ಗೇಟಿನಲ್ಲಿ ಕೂತ ನಾಯಿ ನೋಡಿದ. ಒಬ್ಬಳೇ ಇರುವ ಹೆಣ್ಣುಮಗಳ ಮನೆಯಲ್ಲಿ ಇಂಥ ನಾಯಿ ಬೇಡ, ದ್ರಾಕ್ಷಿ ತೋಟಕ್ಕೆ ಒಯ್ಯುತ್ತೇನೆ, ಅಲ್ಲಿ ಕಟ್ಟಿ ಹಾಕಿದರೆ ಕಾವಲಿಗಾದರೂ ಆಗುತ್ತದೆ ಎಂದ.

ವೈನಿ ಚಹಾದ ಕಪ್ಪು ಕೆಳಗಿಟ್ಟರು. ಅಣ್ಣ ಹೋದ ಮೇಲೆ ಅವರು ಒಂದು ಮಾತನ್ನು ಪೂರ್ತಿಯಾಗಿ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಣ್ಣ ಬಿಜಲಿಯ ಹೆಸರು ಕೊಟ್ಟಿದ್ದ ಸ್ಪರ್ಧೆ ಚಳಿಗಾಲದಲ್ಲಿ ಮತ್ತೆ ವಿಜಯಪುರದಲ್ಲಿ ನಡೆಯುತ್ತದೆ, ಈ ಸಲ ನಾನು ಓಡಿಸುತ್ತೇನೆ ಎಂದರು. "ಅಲ್ಲಿ ಅದು ನನ್ನ ಮಾತ ಕೇಳಿದ್ರ ನನ್ನ ಹತ್ರ ಇರತೈತಿ. ಕೇಳಲಿಲ್ಲಂದ್ರ ನೀವ ಒಯ್ಯರಿ, ನಾ ಬ್ಯಾಡ ಅನ್ನಂಗಿಲ್ಲ."

ಕಾಕಾ ನಕ್ಕ. ಒಪ್ಪಿದ. ನಕ್ಕದ್ದಕ್ಕೇ ಒಪ್ಪಿರಬೇಕು.

ನಾನೂ ಒಳಗೊಳಗೇ ನಕ್ಕಿದ್ದೆ ಎಂದರೆ ನನ್ನ ಮೇಲೆ ಸಿಟ್ಟಾಗಬೇಡಿ. ನಾನು ನಾಯಿಪ್ರಿಯಳಲ್ಲ. ಕಪ್ಪು ಸೀರೆಯ ಮೇಲೆ ಬಿಳಿ ಕೂದಲು ಅಂಟಿಸಿಕೊಂಡು ಕ್ಲಾಸಿಗೆ ಹೋದವರಿಗೆ ಗೊತ್ತು ಅದರ ಕಷ್ಟ. ಆದರೂ ರಜೆಯ ದಿನಗಳಲ್ಲಿ ವೈನಿಯ ಜೊತೆ ಇಬ್ರಾಹಿಂಪುರಕ್ಕೆ ಹೋಗತೊಡಗಿದೆ. ಯಾರಾದರೊಬ್ಬರು ನೀರಿನ ಬಾಟಲಿ ಹಿಡಿಯಬೇಕಲ್ಲ.

ಕಲಿಸುವವರು ಮೆಹಬೂಬ್ ಭಾಯಿ, ಕಲಿಯುವವರು ವೈನಿ. ಬಿಜಲಿಗೆ ಎಲ್ಲ ಬರುತ್ತಿತ್ತು. ಅಡ್ಡಗೋಲನ್ನು ಅದು ದಾಟುವುದು ನೋಡಿದರೆ ನನಗೂ ಕಣ್ಣು ತಂಪಾಗುತ್ತಿತ್ತು. ಕಷ್ಟ ಇದ್ದದ್ದು ಒಂದೇ. ಪ್ರತಿ ಅಡ್ಡಗೋಲು ದಾಟಿದ ಮೇಲೆ ಅದು ನಿಂತು, ಅಣ್ಣ ಬರುತ್ತಿದ್ದ ಅಂಗಡಿಯ ಬಾಗಿಲಿನ ಕಡೆ ನೋಡುವುದು. ವೈನಿ ಕರೆದರೆ ಕಿವಿ ತಿರುಗುತ್ತಿತ್ತು. ಕಣ್ಣು ತಿರುಗುತ್ತಿರಲಿಲ್ಲ.

ಮೊದಲೇ ಇದು ದೂರ ನೋಡುವ ಜಾತಿ. ಅಷ್ಟು ದೂರದಲ್ಲಿ ಮೊಲ ಅಲುಗಿದರೆ ಕಾಣಲಿ ಎಂದೇ ಸಾಕಿದ ನಾಯಿ. ಅದಕ್ಕೆ ದೂರ ನೋಡಬೇಡ, ಹತ್ತಿರ ಇರುವ ನನ್ನನ್ನು ನೋಡು ಎಂದು ಹೇಳುವುದು ಸುಲಭವೇ? ಅದರಲ್ಲೂ, ದೂರದಿಂದ ಬರಬೇಕಾದವನು ಇನ್ನೂ ಬಂದೇ ಇಲ್ಲ ಎಂದು ಅದು ನಂಬಿ ಕೂತಿರುವಾಗ?

ವೈನಿ ಸಾವಕಾಶ ಕಲಿತರು. ಹೆಸರನ್ನು ಮತ್ತೆ ಮತ್ತೆ ಕೂಗಿದರೆ ನಾಯಿಗೆ ಹೆಸರೇ ಕೇಳಿಸದಂತಾಗುತ್ತದೆ, ಒಂದು ಸಲ ಕರೆದು ಸುಮ್ಮನಾಗಬೇಕು. ನೋಡಿದ ಆ ಕ್ಷಣಕ್ಕೇ ರೊಟ್ಟಿಯ ಚೂರು ಬಾಯಿಗೆ ಹೋಗಬೇಕು, ತಡವಾದರೆ ಯಾಕೆ ಕೊಟ್ಟರು ಎಂದು ಅದಕ್ಕೆ ತಿಳಿಯುವುದಿಲ್ಲ. ಮೊದಲು ಸದ್ದಿಲ್ಲದ ಜಾಗ, ಆಮೇಲೆ ಸ್ವಲ್ಪ ಸದ್ದು, ಆಮೇಲೆ ಗದ್ದಲ. ರೈಲು ಹೋಗುವಾಗ ಕಲಿಸಿದರು. ಬಬಲೇಶ್ವರದಲ್ಲಿ ಸಂತೆಯ ದಿನ ಕಾಯಿಪಲ್ಯದ ಬುಟ್ಟಿಗಳ ನಡುವೆ ಕಲಿಸಿದರು. ತಿಕೋಟಾ ಬಸ್ ಸ್ಟ್ಯಾಂಡಿನ ಕಥೆ ನಿಮಗೆ ಹೇಳಿದೆನಲ್ಲ.

ಇನ್ನೊಂದನ್ನೂ ಕಲಿತರು. ನಾಯಿ ನಮ್ಮ ಕಡೆ ನೋಡಬೇಕಾದರೆ ಮೊದಲು ನಾವು ಅದರ ಕಡೆ ನೋಡುತ್ತಿರಬೇಕು. ನಮ್ಮ ಎದೆ ಡವಡವ ಎಂದರೆ ಬೆಲ್ಟಿನಗುಂಟ ಇಳಿದು ಅದಕ್ಕೆ ಗೊತ್ತಾಗುತ್ತದಂತೆ.

ಈ ಮಾತು ಕೇಳಿದ ಮೇಲೆ ನಾನು ಸ್ವಲ್ಪ ದಿನ ನನ್ನನ್ನೇ ಗಮನಿಸಿದೆ. ಕ್ಲಾಸಿನಲ್ಲಿ ಫೋಕಸ್, ಫೋಕಸ್ ಎಂದು ಬಾಯಿ ಬಡಿದುಕೊಳ್ಳುವವಳು ನಾನು. ಹುಡುಗರ ಕಣ್ಣು ಬೆಂಚಿನ ಕೆಳಗಿನ ಮೊಬೈಲಿನಲ್ಲಿ. ಸರಿ, ನನ್ನ ಕಣ್ಣು ಎಲ್ಲಿ? ಗೋಡೆಯ ಗಡಿಯಾರದ ಮೇಲೆ. ಮದುವೆಗೆ ಹೋದರೆ ಅಕ್ಷತೆ ಹಾಕುವವರ ಕಣ್ಣು ಕ್ಯಾಮೆರಾದ ಕಡೆ. ಅಣ್ಣ ತೀರಿದಾಗ ಮಾತಾಡಿಸಲು ಬಂದವರಲ್ಲಿ ಎಷ್ಟು ಜನ ವೈನಿಯ ಮುಖವನ್ನು ನೋಡಿ ಮಾತಾಡಿದರು? ಸಂಕಟದಲ್ಲಿರುವವರ ಮುಖ ನೋಡಲು ನಮಗೆ ಧೈರ್ಯವಿಲ್ಲ. ಅದಕ್ಕೇ ಮನಸ್ಸು ಬೇರೆ ಕಡೆ ಹಾಕು ಎನ್ನುತ್ತೇವೆ.

ವಿಚಿತ್ರ ನೋಡಿ. ನಾಯಿಗೆ ಲಕ್ಷ್ಯ ತಪ್ಪಿಸಬೇಡ ಎಂದು ವರ್ಷಗಟ್ಟಲೆ ಕಲಿಸುತ್ತೇವೆ. ಗಂಡನನ್ನು ಕಳೆದುಕೊಂಡವಳಿಗೆ ಲಕ್ಷ್ಯ ತಪ್ಪಿಸಿಕೋ ಎಂದು ತಿಂಗಳೊಳಗೇ ಹೇಳುತ್ತೇವೆ.

ಇರಲಿ. ಚಳಿಗಾಲ ಬಂತು. ಹೋದ ಭಾನುವಾರ ಸ್ಪರ್ಧೆಯೂ ಬಂತು.

ಮುಂಜಾನೆಯ ಥಂಡಿಗೆ ಮೈದಾನದಲ್ಲಿ ಎಲ್ಲರ ಬಾಯಿಂದಲೂ ಹೊಗೆ. ಪುಣೆ, ಬೆಳಗಾವಿ ಕಡೆಯ ನಾಯಿಗಳು ಕಾರಿನಲ್ಲಿ ಬಂದಿಳಿದವು. ನಮ್ಮದು ಮೆಹಬೂಬ್ ಭಾಯಿಯ ಅಂಗಡಿಯ ಹುಡುಗರು ತಂದ ಆಟೋದಲ್ಲಿ ಬಂತು. ಮೆಹಬೂಬ್ ಭಾಯಿ ಅಂಗಡಿಯ ಒಂದು ಕೆಲಸ ಮುಗಿಸಿ ಹಿಂದಿನಿಂದ ಬರುವವರಿದ್ದರು. ಆಮೇಲೆ ಘೋಣಸಗಿಯ ಟಂಟಂ ಗಾಡಿ ಬಂತು. ಅದರೊಳಗಿಂದ ಕಾಕಾ, ಕಾಕಿ, ಅವರ ಸೊಸೆ, ಮೊಮ್ಮಕ್ಕಳು ಇಳಿದೇ ಇಳಿದರು. ಸಜ್ಜಿ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಮೊಸರಿನ ಗಡಿಗೆ, ಕೂರಲು ಜಮಖಾನೆ. ಪಿಕ್ನಿಕ್ ಎಂದುಕೊಂಡರೆ ನಿಮ್ಮ ತಪ್ಪಲ್ಲ. ಆದರೆ ಟಂಟಂನ ಹಿಂದಿನ ಸೀಟಿನ ಕೆಳಗೆ ಹೊಸ ಕಬ್ಬಿಣದ ಸರಪಳಿಯೂ ಇತ್ತು. ನಾನೂ ನೋಡಿದೆ, ವೈನಿಯೂ ನೋಡಿದರು.

ವೈನಿ ಕಾಕಾನ ಹತ್ತಿರ ಬಂದು ಒಂದು ವಿನಂತಿ ಮಾಡಿದರು. ಓಡುವಾಗ ನಮ್ಮ ಮಂದಿ ಯಾರೂ ಬಿಜಲಿಯ ಹೆಸರು ಕೂಗಬಾರದು. ಕಾಕಾ ಮಾತಿಗೆ ತಪ್ಪದವನು. ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಯಾರಾದರೂ ಪಿಟ್ಟೆಂದರೆ ಊಟ ಇಲ್ಲ ಎಂದು ಹೆದರಿಸಿದ. ನ್ಯಾಯವಾಗಿ ಗೆಲ್ಲಬೇಕು, ನ್ಯಾಯವಾಗಿ ಸೋಲಬೇಕು ಎಂಬ ಮನುಷ್ಯ.

ನಾಯಿಗಳನ್ನು ಬಿಡುವ ಮೊದಲು ಮಾಲೀಕರು ಬರಿದೇ ಒಂದು ಸುತ್ತು ನಡೆದು ದಾರಿ ನೋಡಿಕೊಳ್ಳಬೇಕು. ಬೂಟು, ಟ್ರ್ಯಾಕ್ ಪ್ಯಾಂಟಿನ ಹುಡುಗ ಹುಡುಗಿಯರ ನಡುವೆ ಇಳಕಲ್ಲ ಸೀರೆಯುಟ್ಟ ವೈನಿ ಒಬ್ಬರೇ. ತುಟಿ ಅಲುಗುತ್ತಿತ್ತು, ಬೆರಳು ಗಾಳಿಯಲ್ಲಿ ದಾರಿ ಬರೆಯುತ್ತಿತ್ತು. ಯಾರೋ ನಕ್ಕರು. ವೈನಿಗೆ ಅದು ಕೇಳಿಸಿರಲಾರದು.

ಹೆಸರು ಕೂಗಿದರು. ವೈನಿ ಬೆಲ್ಟು ಬಿಚ್ಚಿದರು. ಬಗ್ಗಿ ಬಿಜಲಿಯ ಕಿವಿಯ ಹತ್ತಿರ ಏನೋ ಹೇಳಿದರು. ಸೀಟಿ ಊದಿತು.

ಏನು ಓಡಿತು ಮಾರಾಯರೇ ಆ ನಾಯಿ! ಮೊದಲ ಅಡ್ಡಗೋಲು, ಎರಡನೆಯದು, ದಾಟಿದ ಮೇಲೆ ತಲೆ ತಿರುಗಿಸಿ ವೈನಿಯ ಮುಖ. ಸುರಂಗದೊಳಗೆ ನುಗ್ಗಿ ಹೊರಬಂದ ಕೂಡಲೇ ಮತ್ತೆ ವೈನಿಯ ಮುಖ. ಕಾಕಾ ಎದ್ದು ನಿಂತಿದ್ದ. ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದ, ತಾನೇ ಕೂಗಿಬಿಟ್ಟಾನು ಎಂಬ ಭಯಕ್ಕೆ. ಕೋಲುಗಳ ಸಾಲಿನಲ್ಲಿ ಬಿಜಲಿ ಹಾವಿನ ಹಾಗೆ ಹೊರಳಿ ಹೊರಳಿ ಸಾಗಿತು. ನನ್ನ ಕಣ್ಣು ಹನಿಗೂಡಿತು. ಇನ್ನು ಹಲಗೆ ಮತ್ತು ಸೀ-ಸಾ ದಾಟಿದರೆ ಆಯಿತು.

ಅಷ್ಟರಲ್ಲಿ ಗಾಳಿ ತಿರುಗಿತು.

ಬಿಜಲಿ ನಿಂತಿತು. ಮೂಗು ಮೇಲೆತ್ತಿತು. ವೈನಿ ಒಂದು ಸಲ ಕರೆದರು, ಕಲಿತ ಹಾಗೆ. ಅದರ ಕಿವಿಯೂ ತಿರುಗಲಿಲ್ಲ. ಮರುಕ್ಷಣ ಮೈದಾನಕ್ಕೆ ಅಡ್ಡ ಕಟ್ಟಿದ ಹಗ್ಗವನ್ನು ಒಂದೇ ನೆಗೆತಕ್ಕೆ ದಾಟಿ ಜನರೊಳಗೆ ನುಗ್ಗಿತು.

ಹಗ್ಗದಾಚೆ ಮೆಹಬೂಬ್ ಭಾಯಿ ನಿಂತಿದ್ದರು, ಆಗಷ್ಟೇ ಬಂದು. ಅವರ ಮೈಮೇಲೆ ಅಣ್ಣನ ನೀಲಿ ಜರ್ಕಿನ್.

ನಮ್ಮಲ್ಲಿ ತೀರಿಹೋದವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ದಿನಕರ್ಮ ಮುಗಿದ ಮೇಲೆ ಹಂಚಿಬಿಡುತ್ತಾರೆ. ಹಿರಿಯರು ಕೂತು ಇದು ಇಂಥವರಿಗೆ, ಅದು ಅಂಥವರಿಗೆ ಎಂದು ಅಣ್ಣನ ಕಪಾಟು ಖಾಲಿ ಮಾಡಿದ್ದರು. ಒಂದು ಕರ್ಚೀಫೂ ಉಳಿಯಲಿಲ್ಲ. ದೋಸ್ತನಿಗೆ ನೆನಪಿಗಿರಲಿ ಎಂದು ಜರ್ಕಿನ್ ಮೆಹಬೂಬ್ ಭಾಯಿಗೆ ಹೋಗಿತ್ತು. ಪ್ರತಿ ಸ್ಪರ್ಧೆಗೂ ಅಣ್ಣ ಹಾಕಿಕೊಂಡು ಹೋಗುತ್ತಿದ್ದದ್ದು ಅದೇ.

ಬಿಜಲಿ ಹಿಂಗಾಲ ಮೇಲೆ ಎದ್ದು ಮುಂಗಾಲುಗಳನ್ನು ಮೆಹಬೂಬ್ ಭಾಯಿಯ ಎದೆಯ ಮೇಲಿಟ್ಟಿತು. ಕಾಲರಿನೊಳಗೆ ಮೂಗು ತೂರಿಸಿತು. ತೋಳು ಮೂಸಿತು. ಜೇಬು ಮೂಸಿತು. ಅಳುವ ಮಗುವಿನ ಹಾಗೆ ಕುಂಯ್ಗುಟ್ಟಿತು, ಬಾಲ ಇಡೀ ಮೈಯನ್ನೇ ಅಲ್ಲಾಡಿಸುತ್ತಿತ್ತು. ಆಮೇಲೆ ತಲೆಯೆತ್ತಿ ಮುಖ ನೋಡಿತು.

ಬಾಲ ನಿಂತಿತು.

ಮತ್ತೊಮ್ಮೆ ಕಾಲರು ಮೂಸಿತು. ಮತ್ತೊಮ್ಮೆ ಮುಖ ನೋಡಿತು. ಆಮೇಲೆ ಕೆಳಗಿಳಿದು ಅವರ ಕಾಲ ಹತ್ತಿರ ಕೂತುಬಿಟ್ಟಿತು. ಸೀಟಿ ಊದಿ, ವೈನಿಯ ಸುತ್ತು ರದ್ದಾಯಿತೆಂದು ಮೈಕಿನಲ್ಲಿ ಹೇಳಿದರು.

ಮೆಹಬೂಬ್ ಭಾಯಿಯ ಮುಖ ಬಿಳಿಚಿಕೊಂಡಿತ್ತು. ತಾನು ಏನು ಮಾಡಿದೆ ಎಂದು ಅವರಿಗೆ ಆಗಲೇ ತಿಳಿದುಹೋಗಿತ್ತು. ವರ್ಷದುದ್ದಕ್ಕೂ ಟ್ರಂಕಿನಲ್ಲಿಟ್ಟು, ಒಂದು ದಿನವೂ ಹಾಕಿಕೊಳ್ಳದೆ ಕಾಪಾಡಿದ್ದನ್ನು ಅವತ್ತೇ ಮೊದಲ ಸಲ ಹಾಕಿಕೊಂಡಿದ್ದರು. "ತೊಳದ್ರ ಅಂವ ಹೋಗಿಬಿಡ್ತಾನಂತ ತೊಳದಿಲ್ಲರಿ ವೈನಿ," ಎಂದರು. "ಇವತ್ತ ಅಂವನ್ನೂ ಕರಕೊಂಡ ಬರೂಣು ಅನಿಸ್ತು. ತಪ್ಪಾತ್ರಿ."

ವೈನಿ ಹಗ್ಗದ ಈಚೆ ನಿಂತಿದ್ದರು. ಜರ್ಕಿನ್ನಿನ ಕಾಲರನ್ನೇ ನೋಡುತ್ತಿದ್ದರು. ಅವರ ಕೈ ಸ್ವಲ್ಪ ಮುಂದೆ ಬಂತು, ಅಲ್ಲೇ ನಿಂತಿತು.

ಆಗ ನನಗೆ ಹೊಳೆಯಿತು. ನಾಯಿಗೆ ಓಡಿಹೋಗಿ ಮೂಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ವೈನಿ ಏನು ಮಾಡಬೇಕು? ಇನ್ನೊಬ್ಬ ಗಂಡಸಿನ ಮೈಮೇಲಿನ ಬಟ್ಟೆ ಅದು. ಊರೆಲ್ಲ ನೋಡುತ್ತಿದೆ. ಗಂಡನ ವಾಸನೆ ಒಂದು ಮಾರು ದೂರದಲ್ಲಿದೆ, ಮುಟ್ಟುವಂತಿಲ್ಲ.

ಮೆಹಬೂಬ್ ಭಾಯಿಗೂ ಅದು ಹೊಳೆದಿರಬೇಕು. ಜರ್ಕಿನ್ ಬಿಚ್ಚಿದರು. ಎರಡೂ ಕೈಯಲ್ಲಿ ಹಿಡಿದು ಹಗ್ಗದ ಮೇಲಿನಿಂದ ಚಾಚಿದರು. ಥಂಡಿಗೆ ಅವರ ತೋಳಿನ ಕೂದಲು ನಿಮಿರಿದ್ದು ನನಗೆ ಕಾಣುತ್ತಿತ್ತು.

ಹಿಂದಿನಿಂದ ಕಾಕಾ ಬಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ರೂಢಿ ಇತ್ತು. "ಕೊಟ್ಟಿದ್ದು ತಿರುಗಿ ತಗೋಬಾರ್ದು, ಸುನಂದಾ."

"ನಾ ಕೊಟ್ಟಿರ್ಲಿಲ್ರಿ," ಎಂದರು ವೈನಿ. "ನೀವೆಲ್ಲಾ ಕೂಡಿ ಕೊಟ್ಟಿದ್ರಿ."

ತಗೊಂಡರು. ಎದೆಗೆ ಅವುಚಿಕೊಂಡರು. ಆಮೇಲೆ ಕಾಲರಿನಲ್ಲಿ ಮುಖ ಹುದುಗಿಸಿ, ಇಡೀ ಮೈದಾನದ ಎದುರು, ವರ್ಷದುದ್ದಕ್ಕೂ ಅಳದ ಅಳುವನ್ನು ಅತ್ತರು. ಬಿಜಲಿ ಹಗ್ಗದ ಕೆಳಗೆ ನುಸುಳಿ ಬಂದು ಅವರ ಕಾಲಿಗೆ ಮೈ ಆನಿಸಿ ನಿಂತಿತು. ನಾವೆಲ್ಲ ಬೇರೆ ಕಡೆ ನೋಡಿದೆವು. ಮತ್ತೇನು, ನಮಗೆ ಬರುವುದು ಅಷ್ಟೇ ತಾನೆ! ಕಾಕಿ ಮಾತ್ರ ಹೋಗಿ ಬೆನ್ನ ಮೇಲೆ ಕೈ ಇಟ್ಟಳು.

ಕಾಕಾ ಮರಳಿ ಜಮಖಾನೆಯ ಮೇಲೆ ಕೂತ. ಮಾತಿನ ಪ್ರಕಾರ ನಾಯಿ ಈಗ ಅವನದು. ಹಾಗೆಂದು ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ರೊಟ್ಟಿಯ ಗಂಟು ಬಿಚ್ಚಿದರು. ಮೊಮ್ಮಕ್ಕಳು ಕೂಡ ಪಿಟ್ಟೆನ್ನದೆ ತಿಂದವು.

ಮಧ್ಯಾಹ್ನ ಎರಡನೇ ಸುತ್ತು. ಮುಂಜಾನೆ ರದ್ದಾದವರೂ ಓಡಬಹುದಿತ್ತು. ವೈನಿಯ ಹೆಸರು ಕೂಗಿದಾಗ ಬಿಟ್ಟುಬಿಡಿ, ಸಾಕು ಎಂದು ನಾನೇ ಹೇಳಿದೆ. ಅವರು ಎದ್ದರು. ಜರ್ಕಿನ್ ಇನ್ನೂ ಕೈಯಲ್ಲೇ ಇತ್ತು. ಓಡುವಾಗ ನಾಯಿಗೆ ದಾರಿ ತೋರಿಸಲು ಎರಡೂ ಕೈ ಖಾಲಿ ಇರಬೇಕು. ನನ್ನ ಕೈಗೆ ಕೊಡುತ್ತಾರೆ ಎಂದುಕೊಂಡು ನಾನು ಕೈ ಚಾಚಿದೆ.

ಅವರು ಅದನ್ನು ತೊಟ್ಟುಕೊಂಡರು.

ಸೀರೆಯ ಮೇಲೆ, ಸೆರಗಿನ ಮೇಲೆ, ಅಣ್ಣನ ನೀಲಿ ಜರ್ಕಿನ್. ತೋಳು ಬೆರಳಿಗಿಂತ ಉದ್ದ ಬಂತು, ಎರಡು ಮಡಿಕೆ ಹಾಕಿದರು. ಜಿಪ್ಪು ಎಳೆದರು. ಬಿಸಿಲು ಏರಿತ್ತು, ಅದು ಜರ್ಕಿನ್ ತೊಡುವ ಹೊತ್ತಾಗಿರಲಿಲ್ಲ. ಕಾಕಾನ ಸೊಸೆ ಅಯ್ಯ ಎಂದು ಸೆರಗು ಬಾಯಿಗಿಟ್ಟುಕೊಂಡಳು. ಗಂಡನಿಲ್ಲದವಳು ನಾಯಿ ಕಟ್ಟಿಕೊಂಡು ಓಡುವುದೇ ಊರಿಗೆ ಹೆಚ್ಚಾಗಿತ್ತು. ಇನ್ನು ಇದು ಬೇರೆ.

ಸೀಟಿ ಊದಿತು.

ಈ ಸಲ ಬಿಜಲಿ ಮುಂಜಾನೆಯ ಹಾಗೆ ಮಿಂಚಲಿಲ್ಲ. ವೈನಿಯ ಪಕ್ಕದಲ್ಲೇ, ವೈನಿ ಎಷ್ಟು ಓಡಬಲ್ಲರೋ ಅಷ್ಟೇ ಓಡಿತು. ಒಂದು ಅಡ್ಡಗೋಲಿನ ಕೋಲು ಬಿತ್ತು. ಸೀ-ಸಾ ಹತ್ತಲು ಮೊದಲು ಒಲ್ಲೆ ಎಂದಿತು. ವೈನಿ ನಿಂತರು, ಕರೆದರು, ಒಂದೇ ಸಲ. ಅದು ಅವರ ಕಡೆ ನೋಡಿತು, ನೋಡುತ್ತಲೇ ಹತ್ತಿತು, ನೋಡುತ್ತಲೇ ಇಳಿಯಿತು. ದೂರದ ಗೇಟಿನ ಕಡೆ, ಜನರ ಕಡೆ, ರಸ್ತೆಯ ಕಡೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಕೊನೆಯ ಗೆರೆ ದಾಟಿದಾಗ ಪುಣೆಯ ನಾಯಿಗಳಿಗಿಂತ ಎಷ್ಟೋ ಹಿಂದೆ ಇದ್ದರು. ಬಹುಮಾನದ ಮಾತೇ ಇರಲಿಲ್ಲ. ಆದರೆ ಸುತ್ತು ಪೂರ್ತಿಯಾಯಿತು. ನಾನು ಚಪ್ಪಾಳೆ ಹೊಡೆದು ಹೊಡೆದು ಅಂಗೈ ಕೆಂಪು ಮಾಡಿಕೊಂಡೆ.

ವೈನಿ ಏದುಸಿರು ಬಿಡುತ್ತ ನಮ್ಮ ಜಮಖಾನೆಯ ಹತ್ತಿರ ಬಂದರು. ಹಣೆಯ ತುಂಬ ಬೆವರು. ಬಿಜಲಿ ನಾಲಗೆ ಚಾಚಿ ಅವರ ಮುಖವನ್ನೇ ನೋಡುತ್ತ ಕೂತಿತು.

ಕಾಕಾನಿಗೆ ಲೆಕ್ಕ ಸರಿಯಾಗಬೇಕು, ಮಾತು ಎಂದರೆ ಮಾತು. ಮೆತ್ತಗೆ ಹೇಳಿದ. "ಅದು ನಿನ್ನ ನೋಡಿ ಓಡ್ಲಿಲ್ಲ ಯವ್ವಾ. ಜರ್ಕಿನ್ ನೋಡಿ ಓಡ್ತು."

ಅವನು ಹೇಳಿದ್ದು ಸುಳ್ಳಲ್ಲ. ಅದು ನನಗೂ ಗೊತ್ತಿತ್ತು, ಮೆಹಬೂಬ್ ಭಾಯಿಗೂ ಗೊತ್ತಿತ್ತು. ನಾನು ಏನಾದರೂ ವಾದ ಹೂಡಬೇಕೆಂದು ಬಾಯಿ ತೆರೆದೆ. (ಪಾಠ ಹೇಳುವವಳಲ್ಲವೇ, ಬಾಯಿ ತಾನಾಗಿ ತೆರೆಯುತ್ತದೆ.) ವೈನಿ ಕೈಯೆತ್ತಿ ನನ್ನನ್ನು ತಡೆದರು.

"ನಾನೂ ಈ ಜರ್ಕಿನ್ ಸಲುವಾಗೇ ಓಡೇನ್ರಿ, ಕಾಕಾ," ಎಂದರು.

ಕಾಕಾ ಅವರನ್ನು ನೋಡಿದ. ಅಣ್ಣ ಹೋದ ಮೇಲೆ ಅವನು ವೈನಿಯ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲಿರಬೇಕು. ಆಮೇಲೆ ಮೊಮ್ಮಕ್ಕಳನ್ನು ಎಬ್ಬಿಸಿದ, ಜಮಖಾನೆ ಝಾಡಿಸಿ ಮಡಚಿದ, ಕತ್ತಲಾಗುವುದರೊಳಗೆ ಊರು ಸೇರಬೇಕು ಎಂದು ಎಲ್ಲರನ್ನೂ ಟಂಟಂ ಹತ್ತಿಸಿದ. ನಾಯಿಯ ಮಾತು ಎತ್ತಲಿಲ್ಲ. ಘೋಣಸಗಿಯ ದಾರಿಯಲ್ಲಿ ಸೀಟಿನ ಕೆಳಗಿನ ಸರಪಳಿ ಖಣಖಣ ಎನ್ನುತ್ತ ಹೋಗಿರಬೇಕು, ಖಾಲಿ.

ನೀವೇ ಹೇಳಿ, ಮಾತು ಕೇಳಲಿಲ್ಲ ಎಂದು ತೋಟಕ್ಕೆ ಒಯ್ದು ಕಟ್ಟಿಹಾಕುವುದಾದರೆ, ಬಿಜಲಿ, ವೈನಿ ಇಬ್ಬರಲ್ಲಿ ಯಾರನ್ನು ಒಯ್ಯಬೇಕಿತ್ತು?